ತಾಕತ್ತಿನ ಗುಳಿಗಿ

ಚಿಟ್.

ಗುಳಿಗೆಯ ಹಿಂದಿನ ಬೆಳ್ಳಿ ಹಾಳೆ ಒಡೆಯುವ ಸದ್ದು. ಅತ್ತೆಯ ಕಾಯಿಲೆ ಶುರುವಾದಾಗಿನಿಂದ ಅದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಆದರೆ ರಾತ್ರಿಯ ಗುಳಿಗೆಗಳನ್ನು ಊಟವಾದ ಕೂಡಲೇ ಕೊಟ್ಟಿದ್ದೆ. ಈಗ ಸದ್ದು ಬಂದದ್ದು ನಾದಿನಿ ರಾಜಶ್ರೀ ಮಲಗಿದ್ದ ಕೋಣೆಯಿಂದ.

ಎದ್ದು ಹೋದೆ. ಅತ್ತೆ ರಂಗವ್ವ ಮಗಳ ಹಾಸಿಗೆಯ ಅಂಚಿಗೆ ಕುಳಿತಿದ್ದರು. ಮಡಿಲಲ್ಲಿ ಎಲೆಯಡಿಕೆಯ ಚಂಚಿ ಬಿಚ್ಚಿಕೊಂಡಿತ್ತು. ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಅವರದೇ ಗುಳಿಗೆ.

"ಬಾಯಿ ತಗಿ ಯವ್ವಾ. ಅಷ್ಟ ರಕ್ತ ಹೋಗೇತಿ, ತಾಕತ್ತ ಬರಬೇಕಲ್ಲ."

ನಾನು ಅವರ ಕೈಗೆ ಹೊಡೆದೆ. ಗುಳಿಗೆ ಮಂಚದ ಕೆಳಗೆ ಉರುಳಿತು.

"ಎಂದಿನಿಂದ ಕೊಡಾಕತ್ತೀರಿ ಅತ್ತಿ?"

"ಆಕಿ ಬಂದಾಗಿಂದ. ಮೂರರಾಗ ನಾ ಎರಡ ನುಂಗತೇನಿ, ಒಂದ ಆಕಿಗೆ ಇಡತೇನಿ. ಮುದುಕಿಗ್ಯಾಕ ಅಷ್ಟ ತಾಕತ್ತ? ಕುಸ್ತಿ ಆಡಲ್ಯಾ?"

ರಾಜಶ್ರೀ ಕುಳಗೇರಿ ಕ್ರಾಸಿನ ಗಂಡನ ಮನೆಯಿಂದ ಬಂದಾಗ ಅವಳಿಗೆ ಮೂರು ತಿಂಗಳು. ಉಂಡದ್ದೆಲ್ಲ ವಾಂತಿ, ನಾಲ್ಕು ದಿನ ತವರಲ್ಲಿರಲಿ ಎಂದು ಕರೆತಂದಿದ್ದೆವು. ಕಳೆದ ವಾರ ಇಳಕಲ್ಲಿನ ದವಾಖಾನೆಯಲ್ಲಿ ಅವಳ ಬಸಿರು ಇಳಿಯಿತು.

ಅತ್ತೆಗೆ ಕರುಳಿನ ಕ್ಯಾನ್ಸರ್. ಬಾಗಲಕೋಟೆಯಲ್ಲಿ ಆಪರೇಷನ್ ಆದ ಮೇಲೆ ಡಾಕ್ಟರು ಕಿಮೊವನ್ನು ಗುಳಿಗೆಯ ರೂಪದಲ್ಲೇ ಬರೆದುಕೊಟ್ಟರು. ನನ್ನ ಗಂಡ ಹಣಮೇಶ ತಾಯಿಗೆ, "ಹುಣ್ಣ ತಗದಾರಬೇ, ಇವು ತಾಕತ್ತಿನ ಗುಳಿಗಿ" ಎಂದ. ನರ್ಸ್ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಬರಿಗೈಲೆ ಮುಟ್ಟಬ್ಯಾಡ್ರಿ. ಬಸುರಿದ್ದವರ ಹಂತೇಕ ಅಂತೂ ಬಿಡಲೇಬ್ಯಾಡ್ರಿ" ಎಂದಿದ್ದಳು. ಅದಕ್ಕೇ ಹಾಳೆಯ ಸಮೇತ ಕತ್ತರಿಸಿ ಅತ್ತೆಯ ಕೈಗೆ ಹಾಕುತ್ತಿದ್ದೆ, ಡಬ್ಬಿಯನ್ನು ಗೋಡೆಯ ಎತ್ತರದ ಮಾಡದಲ್ಲಿ ಇಡುತ್ತಿದ್ದೆ. ಗುಳಿಗೆ ಎಂಥದ್ದೆಂದು ರಾಜಶ್ರೀಗೆ ಹೇಳೋಣ ಎಂದದ್ದಕ್ಕೆ ಹಣಮೇಶ ಒಪ್ಪಲಿಲ್ಲ. "ಬಸರ ಹೆಂಗಸು, ಅವ್ವಗ ಕ್ಯಾನ್ಸರ್ ಅಂದ್ರ ಎದಿ ಒಡಕೋತಾಳ. ಡಬ್ಬಿ ಮ್ಯಾಲ ಐತೆಲ್ಲ, ಸಾಕು."

ರಾಜಶ್ರೀಯ ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿದ್ದುದನ್ನು ನೋಡಿದ್ದೆ. ಸೋಪಿನ ಪುಡಿಯದು ಎಂದುಕೊಂಡು ಅವಳಿಗೆ ಬಟ್ಟೆ ಒಗೆಯಲು ಬಿಡಲಿಲ್ಲ. ಈ ಗುಳಿಗೆ ನುಂಗುವವರ ಅಂಗೈ ಸುಲಿಯುತ್ತದಂತೆ. ಅತ್ತೆಯ ಅಂಗೈ ನೋಡಿ ಡಾಕ್ಟರು, "ಒಂದೀಟೂ ಸುಲದಿಲ್ಲ. ಅಜ್ಜಿ ಕಿಮೊ ಭಾಳ ಛಂದ ತಡಕೊಂಡಾರ" ಎಂದಿದ್ದರು. ಆ ದಿನ ಪೇಢೆ ಕಟ್ಟಿಸಿಕೊಂಡು ಬಂದಿದ್ದೆವು.

"ಬಾಯಿ ಯಾಕ ಬಿದ್ದಹೋತು?" ಅತ್ತೆ ಕೇಳಿದರು. "ನನ್ನ ಪಾಲಿಂದು ನನ್ನ ಮಗಳಿಗೆ ಕೊಟ್ರ ನಿನ್ನ ಗಂಟೇನ ಹೋತು? ತವರಿಂದ ತಂದೀಯೇನ ಇವನ್ನ?"

"ಇರಲಿ ಬಿಡಬೇ," ಎಂದಳು ರಾಜಶ್ರೀ, ಗೋಡೆಗೆ ಹೊರಳುತ್ತ. "ವೈನಿ ತಪ್ಪೇನೈತಿ? ಬಸರ ಇದ್ದು ಬಸ್ಸಿನ್ಯಾಗ ಕುಂತ ಬಂದಾಕಿ ನಾನ. ಉಳಿಸ್ಕೊಳ್ಳಾಕ ಬರಲಿಲ್ಲ ನನಗ."

ಆ ಮಾತು ಕುಳಗೇರಿ ಕ್ರಾಸಿನ ಅವಳ ಅತ್ತೆಯದು. ದವಾಖಾನೆಯ ಹಾಸಿಗೆಯ ಮುಂದೆ ನಿಂತು ಅಂದು ಹೋಗಿದ್ದರು. ಈಕೆ ಅದನ್ನೇ ನಂಬಿ ಕುಳಿತಿದ್ದಾಳೆ.

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಹೇಳಿದರೆ ರಾಜಶ್ರೀಯ ತಲೆಯಿಂದ ಆ ಬಸ್ಸಿನ ಹೊರೆ ಇಳಿಯುತ್ತಿತ್ತು. ಅದೇ ಉಸಿರಿನಲ್ಲಿ ಈ ಮುದುಕಿಗೆ ತನ್ನ ಕಾಯಿಲೆಯ ಹೆಸರೂ ಗೊತ್ತಾಗುತ್ತಿತ್ತು, ಬೆಲ್ಲ ಹಚ್ಚಿ ಮಗಳ ಬಾಯಿಗೆ ಇಟ್ಟದ್ದು ಏನೆಂದೂ. ಗುಳಿಗೆಯಿಂದಲೇ ಹೀಗಾಯಿತೆಂದು ಇನ್ನು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಅತ್ತೆ ಡಾಕ್ಟರ ಮಾತಿಗೆ ಕಾಯುವವರಲ್ಲ, ತಾನೇ ಕಳೆದೆ ಎಂದುಕೊಳ್ಳುವವರು.

"ಭಾಳ ತುಟ್ಟಿ ಅದಾವ್ರಿ ಅತ್ತಿ," ಎಂದೆ. "ನಾಳಿಂದ ಮೂರೂ ನನ್ನ ಮುಂದ ನುಂಗ್ರಿ."

ಹಣಮೇಶ ಕಣ್ಣು ತಿಕ್ಕುತ್ತ ಬಾಗಿಲಿಗೆ ಬಂದ. "ಏನ ಗದ್ಲಾ?"

"ಏನಿಲ್ಲಪಾ. ನಿನ್ನ ಹೇಣ್ತಿ ಗುಳಿಗಿ ಎಣಸಾಕ ಎದ್ದಾಳ. ಕಲತಾಕಿ ಅಲ್ಲಾ, ಲೆಕ್ಕ ಪಕ್ಕಾ."

ಅವನು ನಕ್ಕ. ನಾನು ಬಗ್ಗಿ, ಮಂಚದ ಕೆಳಗಿನ ಗುಳಿಗೆಯನ್ನು ಕಾಗದದ ಚೂರಿನಲ್ಲಿ ಎತ್ತಿಕೊಂಡೆ. ಅದಕ್ಕೆ ಬೆಲ್ಲ ಅಂಟಿತ್ತು.

ಬಾಗಲಕೋಟೆಯ ಡಾಕ್ಟರಿಗಾದರೂ ಹೇಳಬೇಕು. ಆದರೆ ಅವರ ಮುಂದಿನ ಕುರ್ಚಿಯಲ್ಲಿ ಅತ್ತೆ ಕುಳಿತಿರುತ್ತಾರೆ, ಪಕ್ಕದಲ್ಲಿ ಹಣಮೇಶ. ಕಾಯಿಲೆಯ ಹೆಸರನ್ನು ಹಣಮೇಶ ಮುಚ್ಚಿಟ್ಟಾನು, ಇದು ಮಾತ್ರ ಒಂದು ದಿನವೂ ಅವನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಗುಳಿಗೆ ಬಚ್ಚಿಡುತ್ತಿದ್ದ ಚಂಚಿಯನ್ನು ಅತ್ತೆಯ ಮಡಿಲಿನಿಂದ ತೆಗೆದುಕೊಂಡೆ. ಜುಗ್ಗಿ ಎಂದರು. ಅನ್ನಲಿ. ಯಾರಿಗೂ ಹೇಳುವುದಿಲ್ಲ.