ಸಾತಪ್ಪನ ಮಡಿ

ಸೊರಡಿಯ ಸಾತಪ್ಪನಿಗೆ ಎಪ್ಪತ್ತರ ವಯಸ್ಸಿನಲ್ಲಿ ಮಡಿಯ ಹುಚ್ಚು ಹಿಡಿದಿದೆ ಎಂದು ಊರೆಲ್ಲ ಮಾತಾಡಿಕೊಂಡಿತು. ಮಾತಾಡದೆ ಏನು ಮಾಡೀತು? ಜನ್ಮವೆಲ್ಲ ಕುರಿಯ ಹಿಂದೆ ತಿರುಗಿ, ಹಬ್ಬಕ್ಕೊಮ್ಮೆ ಮೈಗೆ ನೀರು ಹಾಕಿಕೊಂಡ ಮನುಷ್ಯ ಈಗ ದಿನಕ್ಕೆ ಎರಡು ಸಲ ಹಳ್ಳಕ್ಕೆ ಹೋಗುತ್ತಿದ್ದ, ತನ್ನ ಧೋತರ ತಾನೇ ಒಗೆದುಕೊಳ್ಳುತ್ತಿದ್ದ. ಸೊಸೆ ಯಲ್ಲವ್ವ ಕೈ ಚಾಚಿದರೆ, "ಮುಟ್ಟಬ್ಯಾಡ, ನಾ ಮಡಿ ಅದೀನಿ" ಎಂದು ಗದರುತ್ತಿದ್ದ. ಊರ ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟ. ಜತ್ತಿನ ಸಂಸ್ಥಾನ ಹೋಗಿ ಐದು ವರ್ಷವಾಗಿತ್ತು. "ರಾಜರು ಗಾದಿ ಬಿಟ್ರು, ಸಾತಪ್ಪ ಕಟ್ಟಿ ಬಿಟ್ಟ" ಎಂದು ಜನ ನಕ್ಕರು.

ಮಡಿಯೂ ಇಲ್ಲ, ಮಣ್ಣೂ ಇಲ್ಲ. ಮುದುಕನಿಗೆ ಹೊರಕಡೆ ತಡೆಯುತ್ತಿರಲಿಲ್ಲ, ಅಷ್ಟೇ.

ವರ್ಷದ ಹಿಂದೆ ಮುಚ್ಚಂಡಿಯಿಂದ ನಡೆದು ಬರುವಾಗ ಮೊದಲ ಸಲ ಆಯಿತು. ಜೋರಾಗಿ ಒಮ್ಮೆ ಕೆಮ್ಮಿದ. ಏನಾಯಿತೆಂದು ತಿಳಿಯುವುದರೊಳಗೆ ಧೋತರ ಕೆಟ್ಟಿತ್ತು. ಆಮೇಲೆ ಎಂಟು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ. ಹೊಟ್ಟೆಗೆ ಕಡಿಮೆ ಹಾಕಿದರೆ ನಿಂತೀತು ಎಂದು ಎರಡು ರೊಟ್ಟಿಯವನು ಅರ್ಧ ರೊಟ್ಟಿಗೆ ಇಳಿದ. ಕೂಸಿನ ಗತಿ ತನಗೊಬ್ಬನಿಗೇ ಬಂತು, ಲೋಕದಲ್ಲಿ ಇನ್ನಾರಿಗೂ ಇಂಥದ್ದು ಇರಲಾರದು ಎಂದು ಅವನ ಖಾತ್ರಿ. ಯಾರನ್ನು ಕೇಳುವುದು? ಪಕ್ಕದ ಮನೆಯ ವಿಠೋಬ, ಇವನ ವಾರಿಗೆಯವನು, ಮೊಣಕಾಲು ನೋವೆಂದು ಎರಡು ವರ್ಷದಿಂದ ಕಟ್ಟೆಗೆ ಬಂದಿರಲಿಲ್ಲ. ಅವನಿಗೆ ಎಣ್ಣೆ ಕೊಟ್ಟವರು ಹತ್ತು ಮಂದಿ. ಮೊಣಕಾಲಿಗೆ ಎಣ್ಣೆ ಉಂಟು, ಇದಕ್ಕೇನುಂಟು?

ಹೀಗಿರುವಾಗ ಮೊಮ್ಮಗಳು ಇಂದುಬಾಯಿಗೆ ಉಮದಿಯಿಂದ ಸಂಬಂಧ ಬಂತು. ಹುಡುಗ ಸೋಮನಿಂಗಪ್ಪ. ಇಂದುಬಾಯಿ ಅವನನ್ನು ಸಂತೆಯಲ್ಲಿ ನೋಡಿದ್ದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಬೀಗರು ಯಾವಾಗ ಬರುತ್ತಾರೆಂದು ತಾಯಿ ಯಲ್ಲವ್ವನನ್ನು ದಿನಕ್ಕೆ ಮೂರು ಸಲ ಕೇಳುತ್ತಿದ್ದಳು. ತಂದೆಯಿಲ್ಲದ ಹುಡುಗಿ. ಸಾತಪ್ಪನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದ.

ಈ ಕುರಿಗಾರ ಮನೆತನಗಳಲ್ಲಿ ಸೋಯರಿಕೆಯ ಮಾತು, ಬೀಗತನದ ಮಾತು, ಕರಿ ಕಂಬಳಿಯ ಮೇಲೆಯೇ ಆಗಬೇಕು. ಹಾಸಿದ ಕಂಬಳಿ ಎಂದರೆ ದೇವರ ಗದ್ದುಗೆ. ನಡುವೆ ಭಂಡಾರ, ಅಂದರೆ ಅರಿಶಿನ ಪುಡಿ ಇಟ್ಟು, ಹೆಣ್ಣಿನ ಕಡೆಯ ಹಿರಿಯ ಮೊದಲು ಕೂರಬೇಕು, ಆಮೇಲೆ ಗಂಡಿನ ಕಡೆಯವರು. ಹಿರಿಯ ಕೂರಲಿಲ್ಲವೆಂದರೆ ಸಂಬಂಧ ಒಲ್ಲೆ ಎಂದ ಹಾಗೆ. ಸಾತಪ್ಪನಿಗೆ ಪೇಚಿಗೆ ಬಂದದ್ದು ಇಲ್ಲೇ. ಅಪ್ಪನ ಕಾಲದ ಕಂಬಳಿ, ದೇವರ ಗದ್ದುಗೆ, ಬೀಗರ ಎದುರು. ಅಲ್ಲಿ ಆಗಿಬಿಟ್ಟರೆ?

ಆ ದಿನ ಬೆಳಗಿನಿಂದ ಅವನು ನೀರೂ ಕುಡಿಯಲಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಕಂಬಳಿ ಹಾಸಿದರು, ಬೀಗರು ಬಂದರು. ಹುಡುಗನ ತಂದೆ ಲಗಮಣ್ಣ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಮನುಷ್ಯ. ಅವನ ಮುದಿ ತಾಯಿ ಚಂದ್ರಾಬಾಯಿ, ಕಂಕುಳಲ್ಲಿ ಮಡಚಿದ ಗೋಣಿಚೀಲ. ಅದನ್ನು ಬಾಗಿಲ ಬಳಿ ಹಾಸಿಕೊಂಡು ದೂರವೇ ಕೂತಳು. ವಿಠೋಬನೂ ಬಂದು ಕಂಬಕ್ಕೆ ಒರಗಿ ನಿಂತ.

"ಕುಂದ್ರಿ, ಹಿರ್ಯಾರ" ಎಂದ ಲಗಮಣ್ಣ.

"ನೀವ ಕುಂದ್ರಿ. ನಾ ನಿಂತಿರ್ತೀನಿ."

"ಹಂಗಂದ್ರ?"

"ನಾ ಮಡಿ ಅದೀನ್ರಿ."

ಲಗಮಣ್ಣನ ಮುಖ ಕೆಂಪಾಯಿತು. "ಓಹೋ! ನಮ್ಮ ಜೋಡಿ ಕುಂತ್ರ ಮೈಲಿಗಿ ಆಗ್ತದೇನು? ಏಳ ಯವ್ವಾ, ಹೋಗೂಣು. ಇದು ಸೋಯರಿಕಿ ಮಾಡೂ ಮನಿ ಅಲ್ಲ."

ಯಲ್ಲವ್ವ ಹಣೆ ಬಡಿದುಕೊಂಡಳು. ಒಳಬಾಗಿಲಲ್ಲಿ ಇಂದುಬಾಯಿಯ ಮುಖ ಕಂಡಿತು. ಅವಳು ಅಳಲಿಲ್ಲ, ಅಜ್ಜನನ್ನು ಸುಮ್ಮನೆ ನೋಡಿದಳು. ಸಾತಪ್ಪನಿಗೆ ಎದೆ ಹರಿದಂತಾಯಿತು. ಥೂ, ನನ್ನ ಮಾನ ಉಳಿಸಿಕೊಳ್ಳಲು ಈ ಕೂಸಿನ ಬಾಳು ಹಾಳುಮಾಡಲೇ?

"ನಿಲ್ರೀ ಬೀಗರ" ಎಂದ. "ಮಡಿ ಅಂದದ್ದು ಸುಳ್ಳು. ನನಗ ಹೊರಕಡಿ ತಡಿಯೂದಿಲ್ಲ. ಕುಂತಲ್ಲೇ ಆಗಿಬಿಡ್ತದ. ಅದಕ್ಕ ಕುಂದ್ರಲಿಲ್ಲ. ಹುಡುಗೀದೇನೂ ತಪ್ಪಿಲ್ಲ."

ಲಗಮಣ್ಣ ಎತ್ತಿದ ಕಾಲು ಹಾಗೇ ಇಳಿಸಿದ. ಸಾತಪ್ಪ ನೆಲ ನೋಡುತ್ತ ನಿಂತ.

ಆಗ ಬಾಗಿಲ ಬಳಿ ಚಂದ್ರಾಬಾಯಿ ನಕ್ಕಳು. ಹಲ್ಲಿಲ್ಲದ ಬಾಯಿಯ ದೊಡ್ಡ ನಗು. "ಅಯ್ಯ ನನ್ನಪ್ಪಾ! ಉಮದಿಯಿಂದ ಈ ಗೋಣಿಚೀಲ ಯಾಕ ಹೊತ್ಕೊಂಡು ಬಂದೀನಂತ ತಿಳದಿ? ನಂದೂ ಅದ ಹಣೀಬರಾ. ಮೂರು ವರ್ಷಾತು."

"ಯವ್ವಾ!" ಎಂದ ಲಗಮಣ್ಣ.

"ಏನ ಯವ್ವಾ? ನೀ ಕೇಳಿದ್ರಲ್ಲ ನಾ ಹೇಳೂದು?"

ಕಂಬದ ಬಳಿಯಿಂದ ವಿಠೋಬ ಮೆಲ್ಲಗೆ ಕೆಮ್ಮಿದ. "ನನ್ನ ಮೊಣಕಾಲಿಗೆ ಏನೂ ಆಗಿಲ್ಲೋ ಸಾತಪ್ಪಾ."

"ಮತ್ತ ಅಷ್ಟು ಎಣ್ಣಿ?"

"ದೀಪಕ್ಕ ಹಾಕೀನಿ."

ಅಂಗಳದಲ್ಲಿ ಮುದುಕರು ಎಂದರೆ ಆ ಮೂವರೇ. ಮೂವರದ್ದೂ ಒಂದೇ ಕಥೆ. ಗೋಡೆ ಒಂದೇ ಆದ ಎರಡು ಮನೆಗಳಲ್ಲಿ ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಹಳ್ಳಕ್ಕೆ ಬೇರೆ ಬೇರೆ ಹೊತ್ತಿಗೆ ಹೋಗುತ್ತಿದ್ದರು. ಎಂಥ ಹುಚ್ಚು ಮುದುಕರು, ಏನು ಹೇಳೋಣ!

ಚಂದ್ರಾಬಾಯಿ ಎದ್ದು ಬಂದು ತನ್ನ ಗೋಣಿಚೀಲವನ್ನು ಕಂಬಳಿಯ ಮೇಲೆ ಹಾಸಿದಳು. "ಕುಂದ್ರು. ಈ ಕಂಬಳಿ ಮ್ಯಾಲ ಕುರಿ ಈದಾವು, ಕೂಸು ಉಚ್ಚಿ ಹೊಯ್ದಾವು. ದೇವರೇನು ಎದ್ದು ಹೋಗ್ಯಾನೇನು?"

ಸಾತಪ್ಪ ಕೂತ. ಅವಳೂ ಪಕ್ಕದಲ್ಲಿ ಕೂತಳು, ಎದುರಿಗೆ ಲಗಮಣ್ಣ ಕೂತ. ಭಂಡಾರಕ್ಕೆ ಕೈ ಹಾಕುವಾಗಲೇ ಅವನ ಹೊಟ್ಟೆ ಕೈಕೊಟ್ಟಿತು. ಮುಖ ಬಿಳುಪೇರಿದ್ದನ್ನು ಮುದುಕಿ ನೋಡಿದಳು. "ಏಳಬ್ಯಾಡ. ಮೊದಲ ಭಂಡಾರ ಹಚ್ಚು" ಎಂದಳು. ಅವನು ಲಗಮಣ್ಣನ ಹಣೆಗೆ ಹಚ್ಚಿದ, ಲಗಮಣ್ಣ ಇವನ ಹಣೆಗೆ ಹಚ್ಚಿದ. ವಾಸನೆ ಬಂದಿರಬೇಕು. ಯಾರೂ ಏಳಲಿಲ್ಲ. ಮಾತು ಪಕ್ಕಾ ಆಯಿತು.

ಬೀಗರು ಹೋದ ಮೇಲೆ ಸಾತಪ್ಪ ಧೋತರ ಬದಲಿಸಿ, ಕೆಟ್ಟದ್ದನ್ನು ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೊರಟ. ಇಂದುಬಾಯಿ ಅಡ್ಡ ಬಂದು ಕೈ ಚಾಚಿದಳು.

"ಕೊಡ ಅಜ್ಜಾ."

"ಬ್ಯಾಡವ್ವಾ, ನಾ..."

"ಮಡಿ ಅದೀನಿ ಅಂದ್ರ ನೋಡ ಮತ್ತ! ನಾಳೆ ಉಮದ್ಯಾಗ ಆ ಅಜ್ಜೀದು ಒಗಿಯಾಕಿ ನಾನ. ನಿಂದ ಒಗೀಲಾರದ ಹೋದ್ರ ಹೆಂಗ?"

ಸಾತಪ್ಪನ ಕಣ್ಣು ತುಂಬಿತು. ಗಂಟನ್ನು ಅವಳ ಕೈಗೆ ಕೊಟ್ಟ. ಆಮೇಲೆ ಒಳಗೆ ಹೋಗಿ ಯಲ್ಲವ್ವನ ಮುಂದೆ ಕೂತು, ಎರಡು ರೊಟ್ಟಿ ಕೇಳಿದ.