ಮರಿಯಮ್ಮನವರ ಬಲಗೈ

ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ ಹತ್ತಿರ ಬಂತೆಂದರೆ ಹೊನ್ನಾವರದ ನಾತಾಲಿನಬಾಯಿಗೆ ಕೈತುಂಬ ಕೆಲಸ. ಗೋಡೆಗೂಡಿನಲ್ಲಿದ್ದ ಮರಿಯಮ್ಮನವರ ಮರದ ಮೂರ್ತಿಯನ್ನು ಕೆಳಗಿಳಿಸಿ, ಧೂಳು ಒರೆಸಿ, ಎಳೆಮಗುವಿಗೆ ಹಚ್ಚಿದ ಹಾಗೆ ತೆಂಗಿನೆಣ್ಣೆ ಹಚ್ಚಿ ತಿಕ್ಕಬೇಕು. ಅದು ಅವಳ ತಾಯಿ ಮದುವೆಯಲ್ಲಿ ಕೊಟ್ಟ ಮೂರ್ತಿ. ಆ ವರ್ಷ ಭಕ್ತಿ ಹೆಚ್ಚಾಯಿತೋ ಎಣ್ಣೆ ಹೆಚ್ಚಾಯಿತೋ, ಮೂರ್ತಿ ಕೈಜಾರಿ ನೆಲಕ್ಕೆ ಬಿತ್ತು. ಬಲಗೈ ಮಣಿಕಟ್ಟಿನಲ್ಲೇ ಮುರಿದು ಒರಳುಕಲ್ಲಿನ ಬುಡಕ್ಕೆ ಹಾರಿತು.

ಒಬ್ಬಳೇ ಇದ್ದಾಗ ಬಿದ್ದಿದ್ದರೆ ಹೇಗೋ ಮುಚ್ಚಿಹಾಕುತ್ತಿದ್ದಳು. ಆದರೆ ತುಂಬು ಬಸುರಿ ಮಗಳು ಸೆರಾಫಿನ ಎದುರಿಗೇ ಕೂತಿದ್ದಳು. ಹೊಟ್ಟೆ ಹಿಡಿದುಕೊಂಡು, “ಅಮ್ಮಾ, ನನ್ನ ಮಗೂಗೂ ಕೈ ಇರೂದಿಲ್ಲ!” ಎಂದು ಅಳತೊಡಗಿದಳು. ಅಳು ಕೇಳಿ ನೆರೆಮನೆಯ ಸೂಲಗಿತ್ತಿ ಸುಬ್ಬಿ ಓಡಿಬಂದಳು. ಬಂದವಳು ಸಮಾಧಾನ ಹೇಳಬಾರದೇ? “ಭಿನ್ನ ಆದ ಮೂರ್ತಿ ಮನೇಲಿ ಇಟ್ಕಣೂಕೆ ಆಗೂದಿಲ್ಲ, ಬಾಯಿ. ಹೊಳೆಗೆ ಬಿಟ್ಬಿಡಿ” ಎಂದಳು.

ಹೆತ್ತಮ್ಮನನ್ನು ಯಾರಾದರೂ ಹೊಳೆಗೆ ಬಿಡುತ್ತಾರೆಯೇ? ನಾತಾಲಿನಬಾಯಿ ಮೂರ್ತಿಯನ್ನೂ ಮುರಿದ ಕೈಯನ್ನೂ ಹಳೇ ಸೀರೆಯಲ್ಲಿ ಸುತ್ತಿಕೊಂಡು ಕುಮಟೆಯ ಬಸ್ಸು ಹತ್ತಿದಳು. ಅಲ್ಲಿ ಶಾಂತಾರಾಮ ಗುಡಿಗಾರ ಎಂಬ ಮರಗೆತ್ತನೆಯವನಿದ್ದ. ಅವನು ಮೂರ್ತಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟ.

“ಜೋಡಿಸ್ಬಹುದು. ಆದ್ರೆ ಕಳೆ ಇಳಿಸದೆ ನಾ ಉಳಿ ಹಚ್ಚೂದಿಲ್ಲ, ಬಾಯೋರೆ.”

“ಕಳೆ ಇಳಿಸೂದು ಅಂದ್ರೆ ಎಂತ?”

“ನಮ್ಮಲ್ಲಾದ್ರೆ ಭಟ್ರು ಮಂತ್ರ ಹೇಳಿ ದೇವ್ರ ಶಕ್ತೀನ ಕಲಶದ ನೀರಿಗೆ ಇಳಿಸ್ತ್ರು. ಆಮೇಲೆ ಮೂರ್ತಿ ಬರೀ ಮರ. ನಿಮ್ಮ ಪಾದ್ರಿ ಹತ್ರ ಹಾಂಗೆ ಮಾಡಿಸ್ಕಂಡು ಬನ್ನಿ.”

ಅವಳು ಮೂರ್ತಿಯನ್ನೂ ಕೈಯನ್ನೂ ಮತ್ತೆ ಸೀರೆಯಲ್ಲಿ ಸುತ್ತಿಕೊಂಡಳು. ಹಾಗಾದರೆ ಮುರಿದದ್ದು ಜೀವವಿದ್ದ ಕೈ! ಹಿಂದಿನ ಭಾನುವಾರವಷ್ಟೇ ಪಾದ್ರಿ ಇಗರ್ಜಿಯಲ್ಲಿ, ನಾವು ಮೂರ್ತಿಯನ್ನು ಪೂಜಿಸುವವರಲ್ಲ ಎಂದು ಪ್ರಸಂಗ ಮಾಡಿದ್ದರು. ನಾತಾಲಿನಬಾಯಿ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೇನು ಕಷ್ಟ? ಈಗ ಊರಿಗೆ ಮರಳಿ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗಿ, ನೀರು ತುಂಬಿಸಿ, ಮೂರ್ತಿಯ ಜೊತೆ ಪಾದ್ರಿಯ ಮೇಜಿನ ಮೇಲೆ ಇಟ್ಟಳು.

“ಫಾದರ್, ಅಮ್ಮನವರನ್ನ ಸ್ವಲ್ಪ ದಿನಕ್ಕೆ ಇದರಲ್ಲಿ ಇಳಿಸಿಕೊಡಿ.”

ವಿಷಯ ತಿಳಿದ ಪಾದ್ರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅವಳ ಮುಖ ನೋಡಿ ಗಕ್ಕನೆ ನಿಲ್ಲಿಸಿದರು.

“ಮನೆ ಮಂತ್ರಿಸಲಿಕ್ಕೆ ಬಂದಾಗ ನಿಮ್ಮ ಅಳಿಯ ಪಾಸ್ಕುವಿನ ಫೋಟೋ ನೋಡಿದ್ದೆ. ಗೆದ್ದಲು ತಿಂದು ಒಂದು ಕಿವಿ ಹೋಗಿತ್ತಲ್ಲ?”

“ಹೌದು. ಮಗಳು ಈಗ್ಲೂ ಅದಕ್ಕೇ ಮುತ್ತು ಕೊಡ್ತಾಳೆ.”

“ಕ್ರಿಸ್ಮಸ್ಸಿಗೆ ಬೊಂಬಾಯಿಯಿಂದ ಬಂದಾಗ ಪಾಸ್ಕುವಿಗೆ ಕಿವಿ ಎಷ್ಟಿತ್ತು?”

“ಎರಡೂ ಇತ್ತು...” ಎನ್ನುತ್ತಲೇ ನಾತಾಲಿನಬಾಯಿಯ ಬಾಯಿ ತೆರೆದೇ ಉಳಿಯಿತು.

“ಮುತ್ತು ಗಂಡನಿಗೆ, ಕಾಗದಕ್ಕಲ್ಲ. ಇದೂ ಹಾಗೆಯೇ. ಅಮ್ಮನವರು ಸ್ವರ್ಗದಲ್ಲಿ ಎರಡು ಕೈಯನ್ನೂ ಇಟ್ಟುಕೊಂಡು ಚೆನ್ನಾಗಿದ್ದಾರೆ. ಮರದಲ್ಲಿ ಇಲ್ಲದವರನ್ನ ನಾನು ಎಲ್ಲಿಂದ ಇಳಿಸಲಿ?”

ಎದೆಯ ಮೇಲಿನ ಚಪ್ಪಡಿಯನ್ನು ಎತ್ತಿದಂತಾಯಿತು ಅವಳಿಗೆ. ಅಲ್ಲೇ ಕೂತು ಮನಸಾರೆ ಅತ್ತಳು. ಅತ್ತು ಬಾಯಾರಿದ್ದರಿಂದ ಚೊಂಬಿನ ನೀರನ್ನೇ ಗಟಗಟ ಕುಡಿದಳು.

ಮರುದಿನ ಶಾಂತಾರಾಮ ಕೇಳಿದ, “ಕಳೆ ಇಳಿಸಿದ್ರಾ?”

“ಅದರಲ್ಲಿ ಇರಲೇ ಇಲ್ಲವಂತೆ.”

“ಮತ್ತೆ ಇಷ್ಟು ವರ್ಷ ದೀಪ ಹಚ್ಚಿದ್ದು ಯಾರಿಗೆ?”

“ಅಮ್ಮನವರಿಗೇ. ಯಾವ ಕಡೆ ಮುಖ ಮಾಡಿ ಮಾತಾಡಬೇಕು ಅಂತ ನನಗೆ ಗೊತ್ತಾಗೂದು ಬೇಡವ?”

“ಆತು ಮಾರಾಯ್ತಿ” ಎಂದ ಶಾಂತಾರಾಮ. ಆದರೂ ಮೂರ್ತಿಗೆ ಕೈಮುಗಿದೇ ಉಳಿ ಎತ್ತಿಕೊಂಡ. ಮೊದಲ ಪೆಟ್ಟು ಬೀಳುತ್ತಲೇ ನಾತಾಲಿನಬಾಯಿ, “ಮೆಲ್ಲಗೆ!” ಎಂದು ಕೂಗಿ ತನ್ನ ಬಲಗೈ ಹಿಡಿದುಕೊಂಡಳು. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು.

ಕಿವಿಯ ಕತೆ ಕೇಳಿ ಸೆರಾಫಿನಳೂ ನಕ್ಕು, ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಮೀನುಸಾರು ಅನ್ನ ಉಂಡಳು. ಆದರೆ ತಾಯಿಯ ಮನಸ್ಸಿನ ಮೂಲೆಯಲ್ಲಿ ಒಂದು ಚೂರು ಭಯ ಉಳಿದೇ ಇತ್ತು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಹೆರಿಗೆಯಾಯಿತು. ಸುಬ್ಬಿ ಮಗುವನ್ನು ಎತ್ತಿ ಹಿಡಿದು, “ಹೆಣ್ಣೋ ಗಂಡೋ ಕೇಳೂದಿಲ್ವ, ಬಾಯಿ?” ಎಂದಳು. ನಾತಾಲಿನಬಾಯಿ ಕೇಳಲಿಲ್ಲ. ಬಟ್ಟೆ ಸರಿಸಿ ಬಲಗೈ ಹುಡುಕಿದಳು. ಪುಟ್ಟ ಕೈ ಅವಳ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಅವಳು ನೇರ ಗೋಡೆಗೂಡಿನ ಮುಂದೆ ಹೋಗಿ ದೀಪ ಹಚ್ಚಿದಳು. ಮರಿಯಮ್ಮನವರ ಮಣಿಕಟ್ಟಿನಲ್ಲಿ ಜೋಡಿಸಿದ ಗೆರೆ ಬಳೆಯ ಹಾಗೆ ಕಾಣುತ್ತಿತ್ತು.

“ನೀವು ಇದರೊಳಗಿಲ್ಲ ಅಂತ ನಂಗೊತ್ತು” ಎಂದಳು ನಾತಾಲಿನಬಾಯಿ, ಕಣ್ಣೊರೆಸಿಕೊಳ್ಳುತ್ತಾ. “ಆದ್ರೂ ಸ್ವಲ್ಪ ಇತ್ಲಾಗೆ ನೋಡಿ, ಅಮ್ಮಾ. ಮಗೂಗೆ ಎರಡೂ ಕೈ ಇದೆ.”