ತೊಳೆದುಹೋದ ಕನ್ನಡಿ

ಸಾವಯವ ರಸಾಯನದ ಪ್ರಾಯೋಗಿಕ ಪರೀಕ್ಷೆಗೆ ಒಂದು ಕಟ್ಟಳೆ ಇತ್ತು. ಹೆಸರಿಲ್ಲದ ಸೀಸೆಯೊಂದು ಕೈಗೆ ಬರುತ್ತದೆ. ಒಳಗಿನ ದ್ರವದ ಕ್ರಿಯಾ ಗುಂಪು ಯಾವುದೆಂದು ಪತ್ತೆ ಹಚ್ಚಬೇಕು. ಕೊನೆಯ ಫಲಿತಾಂಶವನ್ನು ಮೇಷ್ಟ್ರು ಕಣ್ಣಾರೆ ಕಂಡು, ಗಂಟಲು ಸರಿಮಾಡಿಕೊಂಡು, “ಹೂಂ, ತೊಳಿ” ಅಂದ ಮೇಲೆಯೇ ಪ್ರನಾಳ ತೊಳೆಯಬೇಕು. ತೋರಿಸದೆ ತೊಳೆದವರಿಗೆ ಸೊನ್ನೆ.

ಆ “ಹೂಂ, ತೊಳಿ”ಯನ್ನು ಗಿಳಿ ಹೇಳಿದಷ್ಟು ಚೆನ್ನಾಗಿ ಸ್ವತಃ ಮೇಷ್ಟ್ರೂ ಹೇಳುತ್ತಿರಲಿಲ್ಲ. ಕಂಡವರ ದನಿಯನ್ನೆಲ್ಲ ಕದಿಯುತ್ತಿದ್ದ ಹುಡುಗಿಗೆ ತರಗತಿಯೇ ಇಟ್ಟ ಹೆಸರು ಗಿಳಿ. ಪರೀಕ್ಷೆಗೆ ಮುಂಚೆ ಅವಳು ಮೇಷ್ಟ್ರ ಗತ್ತಿನಲ್ಲೇ ಅಕ್ಕನಿಗೆ ಪಾಠ ಒಪ್ಪಿಸಿದ್ದಳು.

“ನೋಡಮ್ಮ, ಆಲ್ಕೇನ್ ಅಂದ್ರೆ ನಿಮ್ಮ ಮಾವ ಇದ್ದ ಹಾಗೆ. ಮೇಲೆ ಏನು ಸುರಿದ್ರೂ ಅಲುಗಾಡಲ್ಲ. ಆಲ್ಕೀನ್‌ಗೆ ಜೋಡಿ ಬಂಧ. ಬ್ರೋಮಿನ್ ಕಂಡ್ರೆ ಒಂದು ಕೈ ಬಿಡಿಸ್ಕೊಂಡು ಹೊಸ ಸಂಬಂಧ ಬೆಳೆಸುತ್ತೆ. ಇಂಗಾಲದ ಸರಪಳಿ ಎಷ್ಟುದ್ದ ಇದ್ರೇನು, ಗುಣ ಬರೋದು ಅದು ಕಟ್ಕೊಂಡ ಗುಂಪಿನಿಂದ. ಪೂರ್ತಿ ಸಹವಾಸದೋಷ.”

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಒಡಹುಟ್ಟಿದವಳಲ್ಲ; ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಇಡೀ ತರಗತಿಗೆ ಅಕ್ಕ. ಸಾಬೂನಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಈ ಪರೀಕ್ಷೆ ಪಾಸಾದರೆ ಅಲ್ಲಿನ ತಪಾಸಣೆ ಕೋಣೆಗೆ ಬಡ್ತಿ. ಹೋದ ವರ್ಷ ಫೇಲಾಗಿದ್ದಳು. ಇದು ಕೊನೆಯ ಅವಕಾಶ.

ಪರೀಕ್ಷೆಯ ದಿನ ಬಿಸಿನೀರಿನಲ್ಲಿ ನಿಲ್ಲಿಸಿದ್ದ ಅಕ್ಕನ ಪ್ರನಾಳದ ಒಳಗೋಡೆಗೆ ಮೆಲ್ಲಗೆ ಬೆಳ್ಳಿ ಹತ್ತಿತು. ಹೀಗೆ ಬೆಳ್ಳಿಯ ಕನ್ನಡಿ ಕಟ್ಟಿದರೆ ಸೀಸೆಯಲ್ಲಿದ್ದದ್ದು ಆಲ್ಡಿಹೈಡ್. ಅಮೋನಿಯದ ಘಾಟಿಗೋ ಸಂತೋಷಕ್ಕೋ ಅವಳ ಕಣ್ಣಲ್ಲಿ ನೀರು. ಮೇಷ್ಟ್ರು ಆಚೆ ತುದಿಯ ಮೇಜಿನ ಹತ್ತಿರ ಇದ್ದರು. ಸೀಸೆಗಳ ಕಪಾಟಿನ ಹಿಂದೆ, ತನ್ನ ಕೆಲಸ ಮುಗಿಸಿ ಕೈಕಟ್ಟಿ ನಿಂತಿದ್ದ ಗಿಳಿಗೆ ನಾಲಿಗೆ ತುರಿಸಿತು. ಗಂಟಲು ಸರಿಮಾಡಿಕೊಂಡಳು.

“ಹೂಂ, ತೊಳಿ.”

ಅಕ್ಕ ತಿರುಗಿ ನೋಡಿ ಬೈಯುತ್ತಾಳೆ ಅಂದುಕೊಂಡಿದ್ದಳು. ಅಕ್ಕ ತಿರುಗಲೇ ಇಲ್ಲ. “ಸರಿ ಸಾರ್” ಅಂದವಳೇ ಬೆಳ್ಳಿ ಕರಗಿಸುವ ನೈಟ್ರಿಕ್ ಆಮ್ಲ ಸುರಿದಳು. ಬೆಳ್ಳಿ ಇತ್ತೆಂಬ ಗುರುತೂ ಉಳಿಯಲಿಲ್ಲ. ಗಿಳಿ ಸೀಸೆಗಳ ಕಡೆ ಮುಖ ತಿರುಗಿಸಿದಳು.

ಮೇಷ್ಟ್ರು ಬಂದರು. “ಎಲ್ಲಮ್ಮ, ತೋರ್ಸು.”

“ಕನ್ನಡಿ ಬಂದಿತ್ತು ಸಾರ್. ನೀವೇ ತೊಳಿ ಅಂದ್ರಲ್ಲ.”

“ನಾನಾ? ನಾನಿದ್ದದ್ದು ಆ ಮೇಜಿನ ಹತ್ರ. ಸ್ಯಾಂಪಲ್ ಉಳಿದಿದ್ಯಾ?”

“ಇಲ್ಲ ಸಾರ್, ಖಾಲಿ.”

“ಕನ್ನಡಿ ಬರದೆ ಇದ್ದದ್ದಕ್ಕೆ ನನ್ನ ಹೆಸರಲ್ಲಿ ಸುಳ್ಳು ಬೇರೆ. ಈ ವಯಸ್ಸಲ್ಲಿ ನಾಚಿಕೆ ಆಗ್ಬೇಕು.”

ಅಕ್ಕನಿಗೆ ಆಗ ಹೊಳೆಯಿತು. ಕಪಾಟಿನ ಸಂದಿನಿಂದ ಗಿಳಿಯನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. “ಯಾರೋ ಹೇಳಿದ ಹಾಗೆ ಕೇಳಿಸ್ತು ಸಾರ್” ಅಂದಳೇ ಹೊರತು ಹೆಸರು ಹೇಳಲಿಲ್ಲ. ಪರೀಕ್ಷೆಯ ನಡುವೆ ಇನ್ನೊಬ್ಬರ ಜೊತೆ ಮಾತಾಡಿದವರನ್ನು ಹೊರಗೆ ಹಾಕುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಮೇಷ್ಟ್ರು ಸೊನ್ನೆ ಬರೆದು ಮುಂದಿನ ಮೇಜಿಗೆ ಹೋದರು. ಅಕ್ಕ ಬರಿದಾದ ಪ್ರನಾಳವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಳು. ಆ ನೀರಿನ ಸದ್ದು ಗಿಳಿಗೆ ತಡೆಯಲಾಗಲಿಲ್ಲ.

“ಸಾರ್, ತೊಳಿ ಅಂದದ್ದು ನಾನು.”

ಅಷ್ಟು ಸಣ್ಣ ದನಿಯನ್ನು ಯಾರೂ ಗಮನಿಸಲಿಲ್ಲ. ಮತ್ತೊಮ್ಮೆ ಹೇಳಿದಳು. ಮೇಷ್ಟ್ರು ನಂಬಲಿಲ್ಲ. “ಗೆಳತೀನ ಉಳಿಸೋಕೆ ನಾಟಕನಾ? ಎಲ್ಲಿ, ಹೇಳು ನೋಡೋಣ.”

ಹೇಳಿದಳು. ಗಂಟಲು ಸರಿಮಾಡಿಕೊಳ್ಳುವುದನ್ನೂ ಬಿಡದೆ. ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ, ಅಕ್ಕನೂ ನಗಲಿಲ್ಲ. ಗಿಳಿಯ ಉತ್ತರಪತ್ರಿಕೆಗೆ ಅಡ್ಡಗೆರೆ ಬಿತ್ತು. ಅಕ್ಕನಿಗೆ ಹೊಸ ಸೀಸೆ ಸಿಕ್ಕಿತು.

ಗಿಳಿ ಹೊರಗಿನ ಬೆಂಚಿನ ಮೇಲೆ ಕಾದಳು. ಬಹಳ ಹೊತ್ತಿಗೆ ಅಕ್ಕ ಬಂದಳು.

“ಏನಾಯ್ತಕ್ಕಾ?”

“ಈ ಸಲ ಆಮ್ಲ. ಅಡುಗೆ ಸೋಡಾ ಹಾಕಿದ್ದೇ ಬುಸ್ಸಂತು. ಪಾಸು ಅಂದ್ರು.”

“ತಮಾಷೆಗೆ ಅಂದೆ ಕಣಕ್ಕಾ, ತಪ್ಪಾಯ್ತು.”

“ತಮಾಷೆ ಬಿಡೆ, ಬೇರೆ ದಿನ ಆಗಿದ್ರೆ ನಾನೂ ನಗ್ತಿದ್ದೆ. ಮೇಷ್ಟ್ರು ನನ್ನ ಸುಳ್ಳಿ ಮಾಡ್ದಾಗ ನಿನ್ನ ಕಡೆ ನೋಡ್ದೆ. ನೀನು ಸೀಸೆ ಮೇಲಿನ ಚೀಟಿ ಓದ್ತಾ ನಿಂತಿದ್ದೆ.”

ಅಕ್ಕ ಚೀಲವನ್ನು ಹೆಗಲಿಗೇರಿಸಿ ಹೊರಟಳು. ಗಿಳಿ ಒಂದಿಷ್ಟು ಅಂತರ ಬಿಟ್ಟು ಹಿಂದೆ ನಡೆದಳು. ಗೇಟಿನವರೆಗೂ ಅಕ್ಕ ಅವಳನ್ನು ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.